‘ಡೆಸ್ಪರೇಟ್ ಹೌಸ್‌ವೈವ್ಸ್’ ಐದನೇ ಸೀಸನ್ನಿನ ಮೊದಲ ಎಪಿಸೋಡ್ ಕೆಡಿಸಿರುವ ಬಗ್ಗೆ ದೂರು

ಗೆ,
ದೂರು ಪರಿಹಾರ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ನಿಮ್ಮ ಆ್ಯಪಿಗೆ ವರ್ಷದ ಚಂದಾ ಕಟ್ಟಿರುವವಳು. ಜಾಹೀರಾತು ಇಲ್ಲದ, ಜಾಸ್ತಿ ದುಡ್ಡಿನ ಪ್ಲಾನೇ ತೆಗೆದುಕೊಂಡಿದ್ದೇನೆ. ‘ಡೆಸ್ಪರೇಟ್ ಹೌಸ್‌ವೈವ್ಸ್’ ಧಾರಾವಾಹಿಯ ನಾಲ್ಕನೇ ಸೀಸನ್ ಮುಗಿದು ಐದನೆಯದು ಶುರುವಾಗುವ ಜಾಗವನ್ನು ನಿಮ್ಮ ಆ್ಯಪ್ ಪೂರ್ತಿ ಕೆಡಿಸಿ ಇಟ್ಟಿದೆ. ಚಾಟ್‌ನಲ್ಲಿ ಹೇಳಿದ್ದಾಯಿತು, ಫೋನಿನಲ್ಲಿ ಹೇಳಿದ್ದಾಯಿತು. ಎರಡೂ ಕಡೆ ಒಂದೇ ಉತ್ತರ: ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ. ಹಾಕಿಕೊಂಡೆವು. ಟಿವಿಯಲ್ಲೂ ಅದೇ, ಫೋನಿನಲ್ಲೂ ಅದೇ, ಪಕ್ಕದ ಮನೆಯವರ ಟಿವಿಯಲ್ಲೂ ಅದೇ. ಹಾಗಾಗಿ ತೊಂದರೆ ನಮ್ಮ ಇಂಟರ್‌ನೆಟ್ಟಿನದ್ದು ಅಂತ ದಯವಿಟ್ಟು ಮತ್ತೆ ಹೇಳಬೇಡಿ.

ಈ ಧಾರಾವಾಹಿ ನಿಮ್ಮ ಟೆಕ್ನಿಕಲ್ ವಿಭಾಗದವರು ನೋಡಿರಲಿಕ್ಕಿಲ್ಲ. ನೋಡಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ 2004ರ ಅಕ್ಟೋಬರ್ 3ರಂದು ಶುರುವಾಗಿ 2012ರ ಮೇ ತಿಂಗಳವರೆಗೆ ನಡೆಯಿತು. ಎಂಟು ಸೀಸನ್, 180 ಎಪಿಸೋಡ್. ಊರಾಚೆಯ ಬಡಾವಣೆಯೊಂದರಲ್ಲಿ ವಿಸ್ಟೀರಿಯಾ ಲೇನ್ ಅಂತ ಒಂದು ಬೀದಿ. ಒಪ್ಪವಾದ ಮನೆಗಳು, ಕತ್ತರಿಸಿದ ಹುಲ್ಲು, ನಗುಮುಖದ ಹೆಂಗಸರು, ಪ್ರತಿ ಬಾಗಿಲ ಹಿಂದೆ ಒಂದು ಗುಟ್ಟು. ಮೊದಲ ಎಪಿಸೋಡಿನಲ್ಲೇ ಮೇರಿ ಆಲಿಸ್ ಅನ್ನುವವಳು ಗುಂಡು ಹಾರಿಸಿಕೊಂಡು ಸಾಯುತ್ತಾಳೆ. ಅಲ್ಲಿಂದ ಮುಂದಿನ ಕಥೆಯನ್ನು ಹೆಚ್ಚುಕಡಿಮೆ ಪೂರ್ತಿ ಹೇಳುವವಳು ಅವಳೇ. ಸತ್ತವಳಿಗೆ ಬೀದಿಯ ಎಲ್ಲ ಮನೆಯ ವಿಷಯವೂ ಗೊತ್ತು. ಎಪಿಸೋಡಿನ ಶುರುವಿಗೆ ಅವಳ ಮಾತು, ಕೊನೆಗೂ ಅವಳ ಮಾತು. ನಗು, ಅಳು, ಕೊಲೆ ಎಲ್ಲವನ್ನೂ ಒಂದಕ್ಕೊಂದು ಹೊಲಿಯುವುದು ಆ ದನಿ.

ಪ್ರತಿ ಸೀಸನ್ನಿಗೂ ಒಂದು ಹೊಸ ಗುಟ್ಟು ಇರುತ್ತದೆ. ಬೀದಿಗೆ ಯಾರೋ ಹೊಸಬರು ಬರುತ್ತಾರೆ, ಅಥವಾ ಹಳಬರು ವಾಪಸ್ ಬರುತ್ತಾರೆ. ಆ ಗುಟ್ಟಿನ ತುದಿ ಸಿಗುವುದು ಸೀಸನ್ನಿನ ಮೊದಲ ಎಪಿಸೋಡಿನಲ್ಲಿ. ಅದನ್ನು ತಪ್ಪಿಸಿಕೊಂಡರೆ ಉಳಿದದ್ದು ಸುಮ್ನೆ ಅಕ್ಕಪಕ್ಕದವರ ಜಗಳ ನೋಡಿದ ಹಾಗೆ.

ಈಗ ನನ್ನ ದೂರಿಗೆ ಬರುತ್ತೇನೆ. ನಾಲ್ಕನೇ ಸೀಸನ್ನಿನ ಕೊನೆಯ ಎಪಿಸೋಡ್ ಪ್ರಸಾರವಾದದ್ದು 2008ರ ಮೇ 18ರಂದು. ಕಥೆ ಮುಗಿಯಿತು ಅನ್ನಿಸುವ ಹೊತ್ತಿಗೆ ಒಮ್ಮೆಲೇ ಐದು ವರ್ಷ ಮುಂದಕ್ಕೆ ಜಿಗಿಯುತ್ತದೆ. ಕಥೆಯ ಮುಖ್ಯ ಹೆಂಗಸರು ನಾಲ್ವರು, ಗೇಬ್ರಿಯಲ್, ಲಿನೆಟ್, ಬ್ರೀ, ಸುಸಾನ್. ಸದಾ ಸಿಂಗಾರದಲ್ಲಿರುತ್ತಿದ್ದ ಗೇಬ್ರಿಯಲ್ ಎರಡು ಹೆಣ್ಣುಮಕ್ಕಳ ಹಿಂದೆ ಓಡಾಡಿ ಸುಸ್ತಾಗಿದ್ದಾಳೆ. ಲಿನೆಟ್‌ಳ ಅವಳಿ ಗಂಡುಮಕ್ಕಳು ಹದಿಹರೆಯಕ್ಕೆ ಬಂದು ತಲೆನೋವಾಗಿದ್ದಾರೆ. ಬ್ರೀ ಅಡುಗೆ ಪುಸ್ತಕ ಬರೆದು ಹೆಸರು ಮಾಡಿದ್ದಾಳೆ. ಕೊನೆಗೆ ಸುಸಾನ್ ಮನೆಗೆ ಬರುತ್ತಾಳೆ. ಒಳಗಿರುವುದು ಅವಳ ಗಂಡ ಮೈಕ್ ಅಂತಲೇ ನಾವು ಅಂದುಕೊಂಡಿರುತ್ತೇವೆ. ಮುಖ ಕಾಣುತ್ತದೆ. ಬೇರೆ ಯಾರೋ!

ಈ ಜಿಗಿತ ಇಡೀ ಧಾರಾವಾಹಿಯ ದೊಡ್ಡ ತಿರುವು. ನಿಮ್ಮ ಆ್ಯಪಿನ ಲೆಕ್ಕದಲ್ಲಿ ಮಾತ್ರ ಅಷ್ಟು ಹೊತ್ತಿಗೆ ಎಪಿಸೋಡ್ ಮುಗಿದುಹೋಗಿದೆ. ಜಿಗಿತ ಶುರುವಾಗುತ್ತಿದ್ದ ಹಾಗೇ ಚಿತ್ರ ಕುಗ್ಗಿ ಮೂಲೆ ಸೇರುತ್ತದೆ. ಮಧ್ಯದಲ್ಲಿ ‘ಮುಂದಿನ ಎಪಿಸೋಡ್’ ಅಂತ ದೊಡ್ಡ ಡಬ್ಬಿ, ಅದರಲ್ಲಿ ಹತ್ತರಿಂದ ಇಳಿಯುವ ಅಂಕಿ. ರಿಮೋಟ್ ಹುಡುಕುವಷ್ಟರಲ್ಲಿ ಐದನೇ ಸೀಸನ್ ಓಡುತ್ತಿರುತ್ತದೆ. ಹೋಗಲಿ, ಶುರುವಿನಲ್ಲಿ ‘ಹಿಂದೆ ನಡೆದದ್ದು’ ಅಂತ ಬರುವುದನ್ನಾದರೂ ನೋಡೋಣ ಅಂದರೆ ಅದನ್ನೂ ನಿಮ್ಮ ಆ್ಯಪ್ ತಾನಾಗಿಯೇ ಹಾರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಿದರೂ ನಿಲ್ಲುವುದಿಲ್ಲ.

ನಮ್ಮ ಅಮ್ಮ ಇದನ್ನು ಮೊದಲ ಸಲ ನೋಡುತ್ತಿದ್ದಾರೆ. ನಾನು ಹಿಂದೆಯೇ ನೋಡಿದ್ದೆ, ಅವರ ಮುಖ ನೋಡಲೆಂದೇ ಪಕ್ಕದಲ್ಲಿ ಕೂತಿದ್ದೆ. ಅವರು ಕೇಳಿದ್ದು ಇಷ್ಟು: "ಅಲ್ಲ ಕಣೇ, ಈ ಮಕ್ಕಳು ಯಾರದ್ದು? ನಡುವೆ ಒಂದು ಭಾಗ ಬಿಟ್ಟುಹೋಯ್ತಾ?" ಪ್ರಶ್ನೆ ಸರಿಯಾಗಿಯೇ ಇತ್ತು.

ಅಮೆರಿಕದಲ್ಲಿ ಆಗ ಜನ ಆ ಕೊನೆಯ ದೃಶ್ಯ ನೋಡಿ ಸೆಪ್ಟೆಂಬರ್ 28ರವರೆಗೆ, ನಾಲ್ಕು ತಿಂಗಳಿಗೂ ಜಾಸ್ತಿ, ಕಾದಿದ್ದರು. ಅಷ್ಟು ದಿನ ಕಾಯಿಸಿ ಅಂತ ನಾನು ಕೇಳುತ್ತಿಲ್ಲ. ದೃಶ್ಯ ಮುಗಿಯುವವರೆಗೆ ತಡೆಯಿರಿ ಸಾಕು.

ಇನ್ನು ಸಬ್‌ಟೈಟಲ್. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಮೇಷ್ಟ್ರಾಗಿದ್ದವರು, ಇಂಗ್ಲಿಷ್ ಸಬ್‌ಟೈಟಲ್ ಸಲೀಸಾಗಿ ಓದಿಕೊಂಡು ನೋಡುತ್ತಾರೆ. ಮೊದಲ ನಾಲ್ಕು ಸೀಸನ್ನಿನಲ್ಲಿ ಎಲ್ಲವೂ ಸರಿಯಿತ್ತು. ಐದನೆಯದರ ಮೊದಲ ಎಪಿಸೋಡಿನಲ್ಲಿ ಮಾತ್ರ ಪರದೆಯ ಮೇಲೆ ಕಾಣುವವರ ಮಾತಿಗಷ್ಟೇ ಸಬ್‌ಟೈಟಲ್ ಇದೆ. ಮೇರಿ ಆಲಿಸ್ ಕಾಣುವುದಿಲ್ಲವಲ್ಲ, ಸತ್ತಿದ್ದಾಳೆ. ಅವಳು ಮಾತಾಡುವಷ್ಟು ಹೊತ್ತೂ ಕೆಳಗೆ ‘ಸಂಗೀತ’ ಅಂತ ಬರುತ್ತದೆ. ಐದು ವರ್ಷದಲ್ಲಿ ಬೀದಿಯಲ್ಲಿ ಏನೇನಾಯಿತು ಅಂತ ಅವಳು ಹೇಳುತ್ತಿರುವಾಗ ಅಮ್ಮನಿಗೆ ಸಿಕ್ಕಿದ್ದು ಸಂಗೀತ! ಇದರ ಫೋಟೊ ತೆಗೆದು ಜೊತೆಗೆ ಇಟ್ಟಿದ್ದೇನೆ.

ಹೀಗಾಗಿ ಹಿಂದೆ ಅದೇ ಬೀದಿಯಲ್ಲಿದ್ದ ಈಡಿ ಅನ್ನುವವಳು ವಾಪಸ್ ಬರುವಾಗ ಜೊತೆಗಿರುವ ಹೊಸ ಗಂಡ ಡೇವ್ ಯಾರು, ಅವನ ನಗುವಿನಲ್ಲಿ ಏನೋ ಸರಿಯಿಲ್ಲ ಅನ್ನುವ ಅನುಮಾನ ಯಾಕೆ, ಇದೆಲ್ಲ ಅವರಿಗೆ ನಾನು ಪಕ್ಕದಲ್ಲಿ ಕೂತು ಜೋರಾಗಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಅರ್ಧ ತಮಾಷೆ ಹೋಗಿಬಿಡುತ್ತದೆ.

ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಇನ್ನೊಂದು. ಐದನೇ ಸೀಸನ್ನಿನ ಚಿತ್ರದ ಕೆಳಗೆ ನೀವು ಬರೆದಿರುವ ಎರಡು ಸಾಲಿನ ಪರಿಚಯ. ಡೇವ್ ಯಾಕೆ ಬಂದಿದ್ದಾನೆ ಅಂತ ಅದರಲ್ಲಿ ನೇರವಾಗಿ ಹೇಳಿಬಿಟ್ಟಿದ್ದೀರಿ. ಬರೆದವರು ಅದನ್ನು ಬಿಚ್ಚಲು ಎಷ್ಟೋ ಎಪಿಸೋಡ್ ತೆಗೆದುಕೊಂಡಿದ್ದಾರೆ. ನೀವು ಪ್ಲೇ ಒತ್ತುವ ಮೊದಲೇ ಕೊಟ್ಟುಬಿಟ್ಟಿರಿ. ಅದೇನು ಅಂತ ನಾನಿಲ್ಲಿ ಬರೆಯುವುದಿಲ್ಲ. ನಿಮ್ಮ ಆಫೀಸಿನಲ್ಲಿ ಈ ಪತ್ರ ಓದುವವರು ಯಾರಾದರೂ ಇದನ್ನು ನೋಡದೇ ಇರಬಹುದು ಅಲ್ವಾ? ಫೋನಿನಲ್ಲಿ ಇದನ್ನು ಹೇಳಿದಾಗ ಆ ಕಡೆಯ ಹುಡುಗ, ಪಾಪ, "ಮೇಡಂ, ನಿಮ್ಮ ಇಂಟರ್‌ನೆಟ್ ಸ್ಪೀಡ್ ಎಷ್ಟಿದೆ?" ಅಂತ ಕೇಳಿದ. ಪರಿಚಯದ ಸಾಲಿಗೂ ಸ್ಪೀಡಿಗೂ ಏನು ಸಂಬಂಧ?

ಒಂದು ಎಪಿಸೋಡಿಗೆ ಇಷ್ಟು ಉದ್ದದ ದೂರಾ ಅಂತ ನಿಮಗೆ ಅನ್ನಿಸಬಹುದು. ಇದೇ ಧಾರಾವಾಹಿಯ ನಾಲ್ಕನೇ ಸೀಸನ್ನಿನ ಮೊದಲ ಎಪಿಸೋಡ್ 2007ರ ಸೆಪ್ಟೆಂಬರ್ 30ರಂದು ಬಂದಾಗ ಆದದ್ದನ್ನು ನೆನಪಿಸುತ್ತೇನೆ. ಅದರಲ್ಲಿ ಡಾಕ್ಟರ ಮುಂದೆ ಕೂತ ಸುಸಾನ್, ಅವರ ಡಿಗ್ರಿ ಫಿಲಿಪ್ಪೀನ್ಸಿನ ಯಾವುದೋ ಮೆಡಿಕಲ್ ಕಾಲೇಜಿನದ್ದಲ್ಲ ತಾನೇ ಅಂತ ಹಗುರವಾಗಿ ಒಂದು ಮಾತು ಆಡುತ್ತಾಳೆ. ಒಂದೇ ಸಾಲು. ಅಮೆರಿಕದಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವ ಫಿಲಿಪ್ಪೀನ್ಸ್ ಮೂಲದ ಡಾಕ್ಟರುಗಳು, ನರ್ಸ್‌ಗಳು ಎಷ್ಟೊಂದು ಜನ. ಅವರಿಗೆ ನೋವಾಯಿತು, ಸಾವಿರಾರು ಜನ ಪ್ರತಿಭಟಿಸಿದರು. ಎಬಿಸಿ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿತು. ನಮ್ಮ ಕರ್ನಾಟಕದ ಮಕ್ಕಳೂ ಈಗ ಮೆಡಿಕಲ್ ಓದಲು ಫಿಲಿಪ್ಪೀನ್ಸಿಗೆ ಹೋಗುತ್ತಾರೆ, ಅವರ ಮನೆಯವರಿಗೂ ಆ ಮಾತು ಚುಚ್ಚುತ್ತದೆ. ನನ್ನ ದೂರು ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ನೋಡುವವರ ಮಾತು ಕೇಳಿಸಿಕೊಳ್ಳಲು ಅಷ್ಟು ದೊಡ್ಡ ಚಾನೆಲ್ಲಿಗೆ ಆಯಿತು. ನಿಮಗೆ ಯಾಕೆ ಆಗುವುದಿಲ್ಲ?

ನನಗೆ ಬೇಕಾದದ್ದು ಇಷ್ಟು. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಆ ಡಬ್ಬಿ ಬರುವ ಸಮಯವನ್ನು ಹೆಸರುಗಳು ಓಡುವ ಜಾಗಕ್ಕೆ ತಳ್ಳಿ. ಉಳಿದ ಸೀಸನ್‌ಗಳ ಕೊನೆಯನ್ನೂ ಒಬ್ಬ ಮನುಷ್ಯ ಕೂತು ಒಮ್ಮೆ ನೋಡಲಿ, ಯಂತ್ರಕ್ಕೆ ಬಿಡಬೇಡಿ. ಮೇರಿ ಆಲಿಸ್‌ಳ ಮಾತಿಗೆ ಸಬ್‌ಟೈಟಲ್ ಹಾಕಿ. ಕಿವಿ ಕೇಳದವರಿಗೆ ಇದು ಸೌಕರ್ಯದ ಮಾತಲ್ಲ, ಅದಿಲ್ಲದೆ ಅವರಿಗೆ ಕಥೆಯೇ ಇಲ್ಲ. ಪರಿಚಯದ ಆ ಎರಡು ಸಾಲನ್ನು ಇವತ್ತೇ ತೆಗೆಯಿರಿ, ಅದಕ್ಕೆ ಇಂಜಿನಿಯರ್ ಕೂಡ ಬೇಡ. ಇದ್ಯಾವುದೂ ಆಗದಿದ್ದರೆ ನನ್ನ ಚಂದಾದಲ್ಲಿ ಉಳಿದ ತಿಂಗಳುಗಳ ಹಣ ವಾಪಸ್ ಮಾಡಿ.

ಇ-ಕಾಮರ್ಸ್ ಬಗ್ಗೆ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಅಷ್ಟರೊಳಗೆ ಏನೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಉತ್ತರವನ್ನು ಮನುಷ್ಯರೊಬ್ಬರು ಬರೆಯಲಿ. ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಅನ್ನುವ ಉತ್ತರ ಬಂದರೆ ಅದನ್ನು ಉತ್ತರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಮ್ಮ ಸದ್ಯಕ್ಕೆ ನೋಡುವುದನ್ನು ನಿಲ್ಲಿಸಿದ್ದಾರೆ. ಸಬ್‌ಟೈಟಲ್ ಸರಿಯಾದ ಮೇಲೆ ಹೇಳು ಅಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಚಂದಾದಾರಳು

ಜೊತೆಗಿಟ್ಟಿರುವುದು: ಚಂದಾ ರಸೀದಿ, ಟಿವಿ ಪರದೆಯ ಫೋಟೊಗಳು, ಕಸ್ಟಮರ್ ಕೇರ್ ಜೊತೆಗಿನ ಚಾಟ್‌ನ ಪ್ರತಿ