ಮಳೆಗಾಲದಲ್ಲಿ ಎಣ್ಣೆ ವಾರಕ್ಕೊಮ್ಮೆ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಈ ಜೂನ್‌ನಿಂದ ಮಳೆ ಮುಗಿಯುವ ತನಕ ನಮ್ಮ ಸಂಘದ ಮಿಲ್ಲಿನಲ್ಲಿ ದಿನಾ ತೆಂಗಿನೆಣ್ಣೆ ಸಿಗುವುದಿಲ್ಲ. ಸೋಮವಾರದೊಳಗೆ ಹೇಳಿಟ್ಟರೆ ಶನಿವಾರ ಸಿಗುತ್ತದೆ. ಪೆರ್ಲ, ಮುಳ್ಳೇರಿಯ ಕಡೆಗೆ ಜೀಪು ವಾರಕ್ಕೆ ಒಂದೇ ಸಲ. ಲೀಟರಿಗೆ 15 ರೂಪಾಯಿ ಜಾಸ್ತಿಯೂ ಆಗುತ್ತದೆ. ನಿಮಗೆ ತೊಂದರೆ ಅಂತ ಗೊತ್ತು, ಕ್ಷಮಿಸಿ.

ಆದರೆ ಒಂದು ಮಾತಿಗೆ ಉತ್ತರ ಕೊಡದೆ ಇರಲು ಆಗುವುದಿಲ್ಲ. "ನಿಮ್ಮ ಮಿಲ್ಲು ಹಳತಾಯಿತು, ಎಣ್ಣೆ ಸರಿಯಾಗಿ ಇಳಿಯುವುದಿಲ್ಲ, ಆ ನಷ್ಟವನ್ನು ನಮ್ಮ ತಲೆಗೆ ಕಟ್ಟುತ್ತೀರಿ." ಕೌಂಟರಿನಲ್ಲಿ ಕೇಳಿದ್ದೇವೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದೇವೆ. ನಿಜ ಹೇಳಬೇಕೆಂದರೆ ನಾವೂ ಹಾಗೇ ಅಂದುಕೊಂಡಿದ್ದೆವು. ಇಷ್ಟು ಕಾಯಿ ಬಂತು, ಇಷ್ಟು ಎಣ್ಣೆ ಹೋಯಿತು. ನಮ್ಮ ಪುಸ್ತಕದಲ್ಲಿದ್ದದ್ದು ಇದೊಂದೇ ಲೆಕ್ಕ. ನಡುವೆ ಸುಲಿಯುವುದು, ಒಣಗಿಸುವುದು, ಗೋಣಿ ಕಟ್ಟಿಡುವುದು, ಹಿಂಡುವುದು, ಸೋಸುವುದು, ಸಾಗಿಸುವುದು ಅಂತ ಎಷ್ಟೆಲ್ಲ ಇದೆ ಅಲ್ವಾ? ಎಲ್ಲಿ ಸೋರುತ್ತಿದೆ ಅಂತ ಆ ಲೆಕ್ಕ ಹೇಳುವುದೇ ಇಲ್ಲ.

ಈ ಸಲ ಒಂದೊಂದು ಹಂತಕ್ಕೂ ತಕ್ಕಡಿ ಇಟ್ಟೆವು, ಬೆಂಕಿ ಹಾಕಿ ಒಣಗಿಸುವ ಗೂಡಿನಿಂದ ಇಳಿಸಿದ ಕೊಬ್ಬರಿಯ ತೇವ ಅಳೆದೆವು. ಒಣಗಿಸುವವರ ಕೆಲಸವನ್ನು ನಾವು ನೋಡುತ್ತಿದ್ದದ್ದು ಎರಡರಿಂದ: ಎಷ್ಟು ಕಿಲೋ ಕೊಬ್ಬರಿ ಕೊಟ್ಟರು, ಬೆಂಕಿಗೆ ಹಾಕುವ ಗೆರಟೆ ಎಷ್ಟು ಉಳಿಸಿದರು. ಹಸಿ ತಿರುಳಿನಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. 100 ಕಿಲೋ ತಿರುಳನ್ನು 6 ಶೇಕಡಾ ತೇವದವರೆಗೆ ಒಣಗಿಸಿದರೆ 53 ಕಿಲೋ ಸಿಗುತ್ತದೆ. 10ರಲ್ಲೇ ಬೆಂಕಿ ನಿಲ್ಲಿಸಿದರೆ 55 ದಾಟುತ್ತದೆ. ತೂಕ ಜಾಸ್ತಿ, ಖರ್ಚು ಕಮ್ಮಿ, ಪುಸ್ತಕದಲ್ಲಿ ಗೂಡಿನವರಿಗೆ ಒಳ್ಳೆ ಹೆಸರು. ಅದೇ ಕೊಬ್ಬರಿ ಮಿಲ್ಲಿಗೆ ಬಿದ್ದಾಗ ಹಿಂಡಿ ಮೆತ್ತಗೆ ಬರುತ್ತಿತ್ತು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು, ಬಿಡಿಸಿದರೆ ಅಂಗೈಯೆಲ್ಲ ಎಣ್ಣೆ. ನಿಮ್ಮ ಬಾಟಲಿಗೆ ಬರಬೇಕಾಗಿದ್ದ ಎಣ್ಣೆ ಅದು. ಬೈಗುಳ ಮಾತ್ರ ಮಿಲ್ಲು ನಡೆಸುವವರಿಗೆ. ಅವರ ಹತ್ತಿರ ಈಗಾಗಲೇ ಕ್ಷಮೆ ಕೇಳಿದ್ದೇವೆ. ಗೂಡಿನವರದ್ದೂ ತಪ್ಪಿಲ್ಲ, ನಾವು ಅಳೆದದ್ದನ್ನೇ ಅವರು ಕೊಟ್ಟರು.

ನಮ್ಮ ಸದಸ್ಯರೊಬ್ಬರ ಮಗಳು ಹೀಗೆ ಹಂತ ಹಂತವಾಗಿ ಕೆಲಸ ಅಳೆಯುವುದನ್ನೇ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತೈವಾನಿನ ವಿಮಾ ಕಂಪನಿಗಳನ್ನು ಹೀಗೆ ಎರಡು ಹಂತ ಮಾಡಿ ಅಳೆದ ಕಾವೊ ಮತ್ತು ಹ್ವಾಂಗ್ ಎಂಬವರ 2008ರ ಲೇಖನದ ಬಗ್ಗೆ ಹೇಳಿದಳು. ಹಂತಗಳ ದಕ್ಷತೆಯನ್ನು, ಅಂದರೆ ಸಿಗಬೇಕಾದದ್ದರಲ್ಲಿ ಎಷ್ಟು ಸಿಕ್ಕಿತು ಅನ್ನುವುದನ್ನು, ಕೂಡಿಸಿ ಸರಾಸರಿ ತೆಗೆಯಬಾರದು, ಗುಣಿಸಬೇಕು. ಮೂರು ಹಂತದಲ್ಲೂ ನೂರಕ್ಕೆ 90 ಬಂದರೆ ಒಟ್ಟು 90 ಅಲ್ಲ, 73 ಕೂಡ ಬರುವುದಿಲ್ಲ. ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಇನ್ನು ವಾರಕ್ಕೊಮ್ಮೆ ಯಾಕೆ? ಚೆನ್ನಾಗಿ ಒಣಗಿಸಿದ ಕೊಬ್ಬರಿಯೂ ನಮ್ಮ ಮಳೆಯಲ್ಲಿ ಗೋಣಿಯೊಳಗೆ ನಾಲ್ಕು ದಿನ ಕೂತರೆ ಮತ್ತೆ ತೇವ ಎಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಎಷ್ಟು ಬೇಕು ಅಂತ ನೀವು ಮೊದಲೇ ಹೇಳಿದರೆ ಅಷ್ಟೇ ಒಣಗಿಸಿ, ಇಳಿಸಿದ ದಿನವೇ ಹಿಂಡಬಹುದು. ಜೀಪೂ ಅರ್ಧ ಖಾಲಿ ಓಡಬೇಕಾಗಿಲ್ಲ.

15 ರೂಪಾಯಿ ನಮ್ಮ ಜೇಬಿಗಲ್ಲ. ಒಣಗಿಸಲು ಜಾಸ್ತಿ ಹೊತ್ತು ಬೆಂಕಿ ಬೇಕು, ಅದಕ್ಕೆ ಉರಿಯುವುದು ಮಾರಿದರೆ ಒಳ್ಳೆ ದುಡ್ಡು ಬರುವ ಗೆರಟೆ. ಕಾಯಿಯ ಕ್ರಯ 2025ರಲ್ಲಿ ಹೇಗೆ ಏರಿತು ಅಂತ ನಾವು ಹೇಳಬೇಕಾ? ತೋಟ ಇರುವವರು ನಿಮ್ಮಲ್ಲೇ ಜಾಸ್ತಿ. ಆಗಲೂ ನಾವು ಬೇರೆ ಎಣ್ಣೆ ಬೆರೆಸಲಿಲ್ಲ, ಒಂದು ಹನಿಯೂ ಇಲ್ಲ. ಯಾವಾಗ ಬೇಕಾದರೂ ಒಳಗೆ ಬಂದು ನೋಡಿ, ಹಂತ ಹಂತದ ಲೆಕ್ಕವನ್ನು ಗೋಡೆಗೆ ಹಚ್ಚಿದ್ದೇವೆ.

ಹಿಂಡಿ ಒಯ್ಯುವವರ ಗಮನಕ್ಕೆ, ಹಿಂಡಿ ಇನ್ನು ಮೊದಲಿನಷ್ಟು ಜಿಡ್ಡು ಇರುವುದಿಲ್ಲ, ಅದರ ಕ್ರಯ ಏರಿಸುವುದಿಲ್ಲ.

ಮನೆಯಲ್ಲಿ ಬಾಣಂತಿ, ಎಳೆ ಮಗು ಇದ್ದರೆ ಶನಿವಾರ ಕಾಯಬೇಡಿ. ಒಂದು ಫೋನ್ ಮಾಡಿ, ಅವರಿಗಂತಲೇ ಎರಡು ಬಾಟಲಿ ತೆಗೆದಿಟ್ಟಿರುತ್ತೇವೆ.

ನಿಮ್ಮ,
ಸಂಘದವರು