ನಡುರಾತ್ರಿಯ ವಾಚು

ನನ್ನ ಕಾದಂಬರಿ ಕಳೆದ ವಾರ ಕಲಬುರಗಿಯಲ್ಲಿ ಬಿಡುಗಡೆಯಾಯಿತು. ಅದಕ್ಕೂ ಮುನ್ನ ನಾನು ಆಸ್ಪತ್ರೆಯಲ್ಲಿ ಕಳೆದ ದಿನಗಳ ವಿವರ ಆಪ್ತರಿಗೆಲ್ಲ ತಿಳಿದೇ ಇದೆ. ಚಿಕಿತ್ಸೆ ನೀಡಿದ ವೈದ್ಯರಿಗೆ, ದಾದಿಯರಿಗೆ, ಪಾಳಿ ಹಾಕಿಕೊಂಡು ಗಂಜಿ ಕಳಿಸಿದ ನೆರೆಮನೆಯವರಿಗೆ, ತಾಳ್ಮೆಯಿಂದ ಕಾದ ಪ್ರಕಾಶಕರಿಗೆ, ಮುಂಬಯಿಯಿಂದ ರೈಲು ಹತ್ತಿ ಬಂದ, ನಾನು ಹಡಗಿನ ಕೆಲಸದಲ್ಲಿದ್ದ ಕಾಲದ ಹಳೆಯ ಗೆಳೆಯರಿಗೆ ನಾನು ಋಣಿ.

ಆದರೆ ಈ ಬರಹ ಮುಖ್ಯವಾಗಿ ಒಬ್ಬರಿಗಾಗಿ. ಹೆಸರು ಹಾಕಕೂಡದೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಅವರು ಈವರೆಗೆ ಸಮುದ್ರ ಕಂಡವರಲ್ಲ. ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಿಂದ ಹಡಗಿನಲ್ಲಿ ಕೊಂಕಣ ಕರಾವಳಿಯ ದಾಭೋಲ್, ಚೌಲ್ ಬಂದರುಗಳಿಗೆ ಬಂದಿಳಿದು, ಘಟ್ಟ ಹತ್ತಿ ಬಹಮನಿ ಸುಲ್ತಾನರ ನಾಡಿಗೆ ಬರುತ್ತಿದ್ದ ಕುದುರೆಗಳ ಕಥೆಯನ್ನು ತಿದ್ದುತ್ತ ಅವರು, “ಸುತ್ತ ಉಪ್ಪುನೀರಿದ್ರ ಕುದುರಿಗೊಳಿಗಿ ಕುಡಿಲಾಕ ಏನ್ ಕೊಡ್ತಿದ್ರರೀ ಸರ?” ಎಂದು ಕೇಳಿದ್ದರು. ಬರ ಕಂಡ ಊರಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದು. ಓದುಗರು ಹೆಚ್ಚು ಮೆಚ್ಚಿರುವ ಸಿಹಿನೀರಿನ ಅಧ್ಯಾಯ ಹುಟ್ಟಿದ್ದು ಅದರಿಂದಲೇ.

ಹಡಗಿನಲ್ಲಿ ನಡುರಾತ್ರಿ 12ರಿಂದ 4ರವರೆಗಿನ ವಾಚು, ಅಂದರೆ ಕಾವಲಿನ ಪಾಳಿ, ಸಾಮಾನ್ಯವಾಗಿ ಸೆಕೆಂಡ್ ಆಫೀಸರನದು. 4ಕ್ಕೆ ಚೀಫ್ ಆಫೀಸರ್ ಬಂದು ಅವನನ್ನು ಬಿಡಿಸುತ್ತಾನೆ. ಆಸ್ಪತ್ರೆಯ ಆ ಕೆಟ್ಟ ರಾತ್ರಿ ಜ್ವರದ ಮಂಪರಿನಲ್ಲಿ ನಾನು ಹಡಗು ನಡೆಸುವ ಜಾಗವಾದ ಬ್ರಿಡ್ಜ್ ಮೇಲೆಯೇ ಇದ್ದೇನೆಂದು ತಿಳಿದು, “ವಾಚಿನಲ್ಲಿ ಯಾರು?” ಎಂದು ಮತ್ತೆ ಮತ್ತೆ ಕೂಗುತ್ತಿದ್ದೆನಂತೆ. ನನ್ನ ಕರಡುಗಳನ್ನು ಓದಿ ಓದಿ ಆ ಪ್ರಶ್ನೆಯ ತೂಕ ಬಲ್ಲವರಾಗಿದ್ದ ಅವರು ನನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಪ್ರತಿ ಸಲವೂ, “ನಾ ಇದ್ದೀನ್ರಿ ಸರ, ಮುಂದ ದಾರಿ ಸಾಫ್ ಅದ” ಎಂದು ಉತ್ತರಿಸಿದ್ದಾರೆ. 4 ಗಂಟೆಗೆ ಅವರನ್ನು ಬಿಡಿಸಲು ಯಾರೂ ಬರಲಿಲ್ಲ. ಬೆಳಿಗ್ಗೆ ಹೈದರಾಬಾದಿನಿಂದ ಮಗಳು ಬಂದು ಸೇರುವವರೆಗೂ ಅವರು ಆ ಕುರ್ಚಿ ಬಿಟ್ಟು ಏಳಲಿಲ್ಲ.

ನಡುವೆ ಒಮ್ಮೆ ನನಗೆ ಪೂರ್ತಿ ಎಚ್ಚರವಾಯಿತು, ಸಾಯುತ್ತೇನೆಂದು ಹೆದರಿಕೆಯಾಯಿತು. ಬಿರುಗಾಳಿಯಲ್ಲಿ ಸಿಬ್ಬಂದಿಯ ಎದುರು ಮುಖ ಗಟ್ಟಿ ಮಾಡಿಕೊಂಡು ನಿಲ್ಲುವುದೇ ಕೆಲಸವಾಗಿದ್ದವನು, ಹೆಂಡತಿ ತೀರಿಕೊಂಡಾಗಲೂ ಜನರ ಮುಂದೆ ಅಳದಿದ್ದವನು, ಅಂದು ಅವರ ಕೈ ಹಿಡಿದು ಜೋರಾಗಿ ಅತ್ತೆ. ಅದನ್ನು ಅವರು ಇಂದಿಗೂ ಯಾರೆದುರೂ ಎತ್ತಿಲ್ಲವಾದ್ದರಿಂದ ನಾನೇ ಇಲ್ಲಿ ಹೇಳುತ್ತಿದ್ದೇನೆ.

ಈಗ ಆರೋಗ್ಯ ಸುಧಾರಿಸಿದೆ, ದಿನಕ್ಕೆ ಒಂದೆರಡು ಪುಟ ಬರೆಯುವಷ್ಟು ಕೈ ಗಟ್ಟಿಯಾಗಿದೆ. ಮುಂದಿನ ಕಾದಂಬರಿಯ ಕರಡು ಅವರ ಮೇಜಿಗೇ ಹೋಗಲಿದೆ. ಇಲ್ಲಿ ಅವರ ಮಾತಿಗೆ ಒಪ್ಪಿ ಹೆಸರು ಬಿಟ್ಟಿದ್ದೇನೆ. ಆ ಪುಸ್ತಕದ ಅರ್ಪಣೆಯ ಪುಟದಲ್ಲಿ ಬಿಡುವುದಿಲ್ಲ, ಅವರು ಕರಡಿನಲ್ಲಿ ಹೊಡೆದುಹಾಕಿದರೆ ಅಚ್ಚಿಗೆ ಹೋಗುವ ಮುನ್ನ ಮತ್ತೆ ಸೇರಿಸುತ್ತೇನೆ.