ಸುಮಿ ವಿಷಯಕ್ಕ ಅವ್ವಗ ಬರದ ಪತ್ರ

ಹೈಡೆಲ್‌ಬರ್ಗ್, ಜರ್ಮನಿ
ರವಿವಾರ

ಅವ್ವಾ,

ಶರಣು. ನಾ ಆರಾಮ ಅದೀನಿ. ಮಂಜ್ಯಾನ ಕೈಲೆ ಬರಿಸಿದ್ದ ನಿನ್ನ ಪತ್ರ ಮೂರು ಸಲ ಓದೀನಿ. ಫೋನ್ ಮಾಡಿದ್ರ ಸುಮಿ ಬಾಜೂಕ ಇರತಾಳ, ನೀ ಬಿಚ್ಚಿ ಮಾತಾಡೂದಿಲ್ಲ. ಅದಕ್ಕ ಬರದು ಮಂಜ್ಯಾನ ಫೋನಿಗೇ ಕಳಸೀನಿ, ಅಂವಾ ಒಳಗಿನ ಖೋಲ್ಯಾಗ ಕುಂತು ಓದಿ ಹೇಳಲಿ.

ಮೊದಲ ಒಂದು ಮಾತು. ಅಣ್ಣಿಗೇರಿ ಹಂತ್ಯಾಕ ಸುಮಿ ಕುಂತಿದ್ದ ಬಸ್ ಗುದ್ದಿದಾಗ ಆಕಿ ತಲಿಗೆ ಪೆಟ್ಟು ಬಿದ್ದಿತ್ತೇನು? ಕೈ ತರಚಿದ್ದು ಬರಿಸಿ, ತಲೀದು ಬರಿಸಿಲ್ಲ. ತಲಿಗೆ ಪೆಟ್ಟಾದ್ರೂ ಬೆಳಕು, ಸಪ್ಪಳ ತಡಕೊಳ್ಳಾಕ ಆಗೂದಿಲ್ಲ. ವಾಂತಿ, ಮಂಪರು, ಏರತಾ ಹೋಗೂ ತಲಿಬ್ಯಾನಿ ಇದ್ರ ಈ ಕ್ಷಣ ದವಾಖಾನಿಗೆ ನಡೀರಿ. ಡಾಕ್ಟರು ನೋಡಿ ಅದೇನೂ ಇಲ್ಲ ಅಂದ್ರ ಮುಂದಿಂದು ಕೇಳು.

ಕುಕ್ಕರ್ ಸೀಟಿಗೆ ಬೆಚ್ಚಿ ಬೀಳತಾಳ, ಡೀಸೆಲ್ ವಾಸನಿಗೆ ಹೊಟ್ಟಿ ತೊಳಸತೈತಿ, ಟ್ಯೂಬ್‌ಲೈಟ್ ಆರಸು ಅಂತಾಳ. ಚಿಗವ್ವ ಇದಕ್ಕ ತಲಿ ಕೆಟ್ಟೈತಿ ಅಂದ್ಲಂತ. ಇಲ್ಲವ್ವಾ, ಕೆಟ್ಟಿಲ್ಲ. ಇನ್ನೂ 12 ದಿನ ಆಗೇತಿ. ಅಷ್ಟು ಅಂಜಿದ ಮೈ ಇನ್ನೂ ಕಾವಲಿಗೆ ನಿಂತೈತಿ. ಗಾಬರಿ ಆದ ಕ್ಷಣಕ್ಕ ಮೈಯಾಗ ಅಡ್ರಿನಲಿನ್ ಅನ್ನೂ ಹಾರ್ಮೋನು ಏರತೈತಿ, ಅದರ ಹಿಂದ ಕಾರ್ಟಿಸೋಲ್ ಅನ್ನೂ ಇನ್ನೊಂದು ಏರತೈತಿ. ಅದು ಇಳೀಬೇಕಾದ್ರ ತಾಸಿನ ಮ್ಯಾಲೆ ಬೇಕು. ಅಷ್ಟರಾಗ ಇನ್ನೊಂದು ಸೀಟಿ ಹೊಡದ್ರ ಆಕಿ ಸುಧಾರಿಸಿಕೊಳ್ಳೂದ ಯಾವಾಗ?

ಅದರಾಗ ನಮ್ಮ ಸುಮಿ ಮೊದಲಿಂದನೂ ಸೂಕ್ಷ್ಮ. ತೋಂಟದಾರ್ಯ ಜಾತ್ರ್ಯಾಗ ಹಲಗಿ ಬಡದ್ರ ನಿನ್ನ ಸೆರಗಿನಾಗ ತಲಿ ಹುದಗಸತಿದ್ಲು. ಹೊಸಾ ಅಂಗಿ ಕೊರಳಪಟ್ಟಿ ಚುಚ್ಚತೈತಿ ಅಂತ ಅಳತಿದ್ಲು. ಹಾಲು ಕೆಟ್ಟದ್ದು ಮೂಸಿ ಮೊದಲ ಹೇಳಾಕೀನೂ ಆಕೀನ, ಅಪ್ಪಾರ ಸೈಕಲ್ ಓಣಿ ತಿರುವಿದ್ದು ಗುರುತ ಹಿಡಿಯಾಕೀನೂ ಆಕೀನ. ಅಮೆರಿಕಾದ ಎಲೇನ್ ಆರನ್, ಆರ್ಥರ್ ಆರನ್ ಅನ್ನೂ ಗಂಡಹೆಂಡತಿ 1997ರಾಗ ಇಂಥಾ ಗುಣ ಅಳಿಯಾಕ 27 ಪ್ರಶ್ನೆ ಮಾಡಿಟ್ಟಾರ. ನೂರಕ್ಕ 15-20 ಮಂದಿ ಹಿಂಗ ಇರತಾರ ಅಂತ ಎಲೇನ್ ಅವರ ಅಂದಾಜು. ಇದು ರೋಗಲ್ಲ, ಹುಟ್ಟುಗುಣ.

ಇಂಥವರಿಗೆ ಪೆಟ್ಟು ಆಳಕ್ಕಿಳಿದಂಗ ಆರೈಕೀನೂ ಆಳಕ್ಕಿಳಿತೈತಿ ಅವ್ವಾ. ನೀ ನಂಬಬೇಕಾದ್ದು ಇದು. ಇಂಗ್ಲೆಂಡಿನ ಬಡವರ ಭಾಗದ ಶಾಲ್ಯಾಗ 11 ವರ್ಷದ ಹುಡುಗ್ಯಾರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳೂ ಪಾಠ ಕಲಿಸಿದ್ರು. 2015ರಾಗ ಬಂದ ಆ ಅಧ್ಯಯನದಾಗ ಖಿನ್ನತಿ ಕಡಿಮಿ ಆಗಿದ್ದು ಸೂಕ್ಷ್ಮ ಹುಡುಗ್ಯಾರಿಗೇ, ಉಳದವರಿಗೆ ಫರಕ ಬೀಳಲಿಲ್ಲ. ನಾ ಇಲ್ಲಿ ದವಾಖಾನಿ ವಾರ್ಡಿನ್ಯಾಗ ದಿನಾ ನೋಡತೀನಿ, ಮೆಲ್ಲಕ ಮಾತಾಡಿದ್ದ ಕೆಲವರಿಗೆ ಔಷಧ ಆಗತೈತಿ.

ನಸಕಿನ್ಯಾಗ ನೀ ರೊಟ್ಟಿ ಬಡಿಯೂ ಮುಂದ ಒಲಿ ಹಂತ್ಯಾಕ ಬಂದು ಮಲಗತಾಳ ಅಂತ ಬರಿಸಿದ್ಯಲ್ಲ, ಅದನ್ನ ಓದಿ ಕಣ್ಣಾಗ ನೀರು ಬಂತು. ಅದೂ ಸಪ್ಪಳನ, ಆದ್ರ ಗೊತ್ತಿದ್ದ ಸಪ್ಪಳ. ಹೇಳದ ಬರೂದು ಆಕಿಗೆ ತ್ರಾಸು. ಅದಕ್ಕ ಕುಕ್ಕರ್ ಇಟ್ಟಾಗ 'ಸುಮಿ, ಈಗ ಸೀಟಿ ಆಗತೈತಿ' ಅನ್ನು. ನಾಕು ದಿನ ಬಿಟ್ಟು ಗ್ಯಾಸ್ ಆಕೀನ ಬಂದ್ ಮಾಡಲಿ. ಕತ್ತಲ ಖೋಲ್ಯಾಗ ದಿನಗಟ್ಟಲೆ ಕುಂಡ್ರಸಬ್ಯಾಡ, ಅಂಜಿಕಿ ಅಲ್ಲೇ ಬೇರು ಬಿಡತೈತಿ. ಆಯಿ ಹೊಲಿದ ಕೌದಿ ಹೊದಸು. ಉಸರು ಬಿಡೂದು ತಗೊಳ್ಳೂದಕ್ಕಿಂತ ಉದ್ದ ಇರಲಿ, ಎದಿ ಬಡಿತ ಇಳಿತೈತಿ. ಔಷಧ ಅಂಗಡ್ಯಾಗ ಕೇಳಿ ನಿದ್ದಿ ಗುಳಿಗಿ ತರಬ್ಯಾಡ್ರಿ. ಬಂದವರೆಲ್ಲಾ 'ಬಸ್ಸಿನ್ಯಾಗ ಏನಾತು ಹೇಳು' ಅಂತ ಕೆದಕೂದು ನಿಲ್ಲಸು. ಆಕೀನ ಹೇಳಿದ್ರ ಮಾತ್ರ ಕುಂತು ಕೇಳು.

ಇಲ್ಲಿ ರವಿವಾರ ಗ್ವಾಡಿಗೆ ಮೊಳಿ ಹೊಡಿಯೂ ಹಂಗಿಲ್ಲ, ಖಾಲಿ ಬಾಟಲಿ ಡಬ್ಬಿಗೆ ಒಗಿಯೂ ಹಂಗಿಲ್ಲ, ರಾತ್ರಿ 10ರ ಮ್ಯಾಲೆ ಗದ್ದಲ ಇಲ್ಲ. ಬಂದ ಹೊಸದಾಗ ಆ ಶಾಂತಿಗೇ ನನಗ ನಿದ್ದಿ ಬರತಿದ್ದಿಲ್ಲ. ಹಂಗಂತ ನಮ್ಮ ಓಣಿ ಕೆಟ್ಟದ್ದಲ್ಲ, ಇಲ್ಲಿ ಬಾಗಲಾ ತಗದು ಬಂದು 'ಊಟಾತೇನವಾ' ಅನ್ನಾವರಿಲ್ಲ.

ಇನ್ನ ಸುಮಿನ್ನ ಕನ್ಯಾ ನೋಡಾಕ ಬರೂ ರಾಣೆಬೆನ್ನೂರಿನವರ ಮಾತು. ಬರೂ ರವಿವಾರ ಹತ್ತು ಮಂದಿ ಬಂದು ಕುಂತು, ಒಬ್ಬೊಬ್ಬರು ಒಂದೊಂದು ಕೇಳಿದ್ರ ಆಕಿ ತಡಿಯೂದಿಲ್ಲ. ಮುಂದ ಹಾಕಿದ್ರ ಮಂದಿ ಏನಂತಾರ ಅಂತ ನಿನ್ನ ಹೆದರಿಕಿ. ನಾನೂ ಅದನ್ನ ರಾತ್ರಿಯೆಲ್ಲಾ ವಿಚಾರ ಮಾಡೀನಿ. ಹುಡುಗಿ ಬಸ್ಸಿನ ಅಪಘಾತದಾಗಿದ್ಲು, ಒಂದು ತಿಂಗಳು ತಡೀರಿ ಅಂತ ಅಪ್ಪಾರು ನೇರ ಹೇಳಲಿ. ಇದರಾಗ ಮುಚ್ಚಿಡೂದೇನೈತಿ? ಇಷ್ಟಕ್ಕ ಸಂಬಂಧ ಬ್ಯಾಡನ್ನೂ ಮನಿಗೆ ನಮ್ಮ ಸುಮಿನ್ನ ಕೊಡೂದ ಬ್ಯಾಡ.

ಬಹಳ ಮಂದಿಗೆ ಇದು ಕೆಲವು ವಾರದಾಗ ತಾನ ಇಳಿತೈತಿ. ತಿಂಗಳಾದ್ರೂ ಇಳೀಲಿಲ್ಲಂದ್ರ, ಇಲ್ಲಾ ಊಟ ನಿದ್ದಿ ಪೂರಾ ಬಿಟ್ರ, ಧಾರವಾಡದ ಡಿಮ್ಹಾನ್ಸ್ ಅನ್ನೂ ಮನಸ್ಸಿನ ದವಾಖಾನಿಗೆ ಕರಕೊಂಡು ಹೋಗ್ರಿ. ನಡುರಾತ್ರಿ ಗಾಬರಿ ಆದ್ರ ಸರಕಾರದ ಮನಸ್ಸಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚು. ಪುಕ್ಕಟ, ಕನ್ನಡದಾಗ ಮಾತಾಡತಾರ.

ನನ್ನ ಚಿಂತಿ ಬಿಲ್ಕುಲ್ ಮಾಡಬ್ಯಾಡ. ಊಟ ಬರೋಬರಿ ಐತಿ, ಥಂಡೀನೂ ರೂಢಿ ಆಗೇತಿ, ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಐತಿ. ಟ್ರಾಮಿನ ಹೊತ್ತಾತು, ರಾತ್ರಿ ಡ್ಯೂಟಿ ಐತಿ. ತಲಿ ಪೆಟ್ಟಿಂದು ಇವತ್ತ ತಿಳಸು, ರಾಣೆಬೆನ್ನೂರಿಗೆ ಇವತ್ತ ಫೋನ್ ಮಾಡಸು.

ನಿನ್ನ
ಶಾರಿ